ಬಾಡಿಗೆಯ ಕೋಣೆ, ಬಿಳಿಯ ಹಿಮ, ಕೆಂಪು ಮಣ್ಣು: ಜನಾಂಗೀಯ ದಬ್ಬಾಳಿಕೆಯ ಕಾದಂಬರಿಗಳಲ್ಲಿ ಪರಿಸರ ಮತ್ತು ಭಾವ – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ ಮತ್ತು ದಕ್ಷಿಣ ಆಫ್ರಿಕದ ಕಪ್ಪು ಜನರ ಬದುಕನ್ನು ಕುರಿತ ಕಾದಂಬರಿಗಳನ್ನು ಓದುವ ಕನ್ನಡದ ವಿದ್ಯಾರ್ಥಿಗಳೂ ಆಸಕ್ತ ಓದುಗರೂ ಮತ್ತೆ ಮತ್ತೆ ಕೇಳುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ. ಹೆಚ್ಚಿನ ಉದಾಹರಣೆಗಳನ್ನು ಅಮೆರಿಕದ ಕಪ್ಪು ಲೇಖಕ ರಿಚರ್ಡ್ ರೈಟ್ 1940ರಲ್ಲಿ ಪ್ರಕಟಿಸಿದ ‘ನೇಟಿವ್ ಸನ್’ ಕಾದಂಬರಿಯಿಂದ ತೆಗೆದುಕೊಂಡಿದ್ದೇನೆ. ಒಂದು ಜಾಗವು ಒಬ್ಬ ಮನುಷ್ಯನೊಳಗೆ ಭಯವಾಗಿ ಹೊಕ್ಕು ಕೂರುವ ಬಗೆಯನ್ನು ಅಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಕೃತಿಯನ್ನು ನಾನು ಓದಿಲ್ಲ.

ಕಥೆಯ ಪರಿಸರವೆಂದರೆ ಅದು ನಡೆಯುವ ಊರು ಮತ್ತು ಕಾಲ ಮಾತ್ರವೇ?

ಊರು ಮತ್ತು ಕಾಲ ಅದರ ಹೊರಗಿನ ಚೌಕಟ್ಟು. ನಮ್ಮ ವಿಮರ್ಶೆಯಲ್ಲಿ ಬಳಕೆಯಲ್ಲಿರುವ ‘ದೇಶಕಾಲ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ದಬ್ಬಾಳಿಕೆಯ ಕಥನವನ್ನು ಓದುವಾಗ ಆ ಮಾತನ್ನು ಬಾಗಿಲು, ಮೆಟ್ಟಿಲು, ನಲ್ಲಿ, ಬೆಂಚುಗಳ ಹತ್ತಿರಕ್ಕೆ ತರಬೇಕಾಗುತ್ತದೆ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಅದಕ್ಕೆ ವಾರಕ್ಕೆ ಎಷ್ಟು ಬಾಡಿಗೆ, ಆ ಹಣ ಕೊನೆಗೆ ಯಾರ ಕೈ ಸೇರುತ್ತದೆ, ಮುಂಬಾಗಿಲಿನಿಂದ ಹೋಗಬೇಕೋ ಹಿತ್ತಲ ಬಾಗಿಲಿನಿಂದಲೋ, ಕತ್ತಲಾದ ಮೇಲೆ ಯಾವ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು ಎಂಬುವೆಲ್ಲವೂ ಪರಿಸರವೇ. ಬಿಳಿಯರಿಗೂ ಕಪ್ಪು ಜನರಿಗೂ ರೈಲಿನಲ್ಲಿ ಬೇರೆ ಬೇರೆ ಬೋಗಿಗಳನ್ನು ಇಡುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1896ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿನ ನಂತರದ ಕಾಲವನ್ನು ಕುರಿತ ಕಥೆಯಲ್ಲಿ ಒಂದು ರೈಲು ಬೋಗಿಯ ವರ್ಣನೆ ಬಂದರೆ, ಅದರ ಹಲಗೆಗಳಲ್ಲಿಯೇ ಕಾನೂನು ಕುಳಿತಿರುತ್ತದೆ.

ಪರಿಸರದಿಂದ ಭಾವ ಉದ್ದೀಪನಗೊಳ್ಳುತ್ತದೆ ಎಂಬುದು ನಮ್ಮ ಕಾವ್ಯಮೀಮಾಂಸೆಗೆ ತಿಳಿದೇ ಇತ್ತಲ್ಲವೇ? ಇಲ್ಲಿ ಹೊಸದೇನಿದೆ?

ತಿಳಿದೇ ಇತ್ತು. ರಸವನ್ನು ಕುರಿತು ಬರೆದ ಆಲಂಕಾರಿಕರು ವಿಭಾವವನ್ನು, ಅಂದರೆ ಭಾವಕ್ಕೆ ಕಾರಣವಾಗುವುದನ್ನು, ಆಲಂಬನ (ಭಾವಕ್ಕೆ ಆಧಾರವಾದದ್ದು), ಉದ್ದೀಪನ (ಭಾವವನ್ನು ಕೆರಳಿಸುವ ಸುತ್ತಲಿನ ಸಂಗತಿ) ಎಂದು ವಿಂಗಡಿಸಿದರು. ಶೃಂಗಾರಕ್ಕೆ ನಾಯಕನಾಯಿಕೆಯರು ಆಲಂಬನವಾದರೆ ಬೆಳದಿಂಗಳು, ತಂಗಾಳಿ, ಉಪವನಗಳು ಉದ್ದೀಪನ. ಭಯಾನಕ ರಸವನ್ನು ವಿವರಿಸುವ ನಾಟ್ಯಶಾಸ್ತ್ರವು ಪಾಳುಮನೆಯನ್ನೂ ಕಾಡನ್ನೂ ನರಿ ಗೂಬೆಗಳನ್ನೂ ಹೆಸರಿಸುತ್ತದೆ. ಈ ವಿಂಗಡಣೆಯನ್ನು ಬಲ್ಲ ಕನ್ನಡದ ಓದುಗರು ನಾವು ಹೇಳಹೊರಟಿರುವುದರ ಅರ್ಧ ದಾರಿಯನ್ನು ಆಗಲೇ ಸವೆಸಿರುತ್ತಾರೆ.

ಉಳಿದ ಅರ್ಧ ದಾರಿ ಮಾತ್ರ ಬೇರೆ. ಹಳೆಯ ಪಟ್ಟಿಯಲ್ಲಿ ಕಾಡು ಎಲ್ಲರಿಗೂ ಭಯಂಕರ, ಉಪವನ ಎಲ್ಲರಿಗೂ ಹಿತಕರ. ಜನಾಂಗೀಯ ದಬ್ಬಾಳಿಕೆಯ ಕಥನದಲ್ಲಿ ಒಂದೇ ಜಾಗವು ಅಲ್ಲಿ ನಿಂತವರು ಯಾರು ಎಂಬುದನ್ನು ನೋಡಿ ತನ್ನ ಭಾವವನ್ನು ಬದಲಿಸಿಕೊಳ್ಳುತ್ತದೆ. ತೋಟದ ಒಡೆಯನಿಂದ ತಪ್ಪಿಸಿಕೊಂಡು ಓಡುತ್ತಿರುವ ಗುಲಾಮನಿಗೆ ಕಾಡೇ ಆಸರೆ, ದೀಪ ಹೊತ್ತಿಸಿದ ಮನೆಯೇ ಅಪಾಯ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬೆಳದಿಂಗಳನ್ನು ಯಾರೂ ಮಾಡಿಟ್ಟಿಲ್ಲ. ಆದರೆ ಈ ಕಾದಂಬರಿಗಳ ಪರಿಸರವನ್ನು ಮನುಷ್ಯರು ನಕ್ಷೆಯ ಮೇಲೆ ಗೆರೆ ಎಳೆದು, ಕರಾರುಪತ್ರ ಬರೆದು, ಕಾಯಿದೆ ಹೊರಡಿಸಿ ಕಟ್ಟಿದ್ದಾರೆ. ಆದ್ದರಿಂದ ಇಲ್ಲಿ ಪರಿಸರವು ದಬ್ಬಾಳಿಕೆಯ ಹಿನ್ನೆಲೆಯಾಗಿರದೆ ದಬ್ಬಾಳಿಕೆಯ ಕ್ರಿಯೆಯೇ ಆಗಿರುತ್ತದೆ. ಒಂದು ಪುಟದಲ್ಲಿ ಭಯವೋ ದುಃಖವೋ ಉಸಿರುಗಟ್ಟಿದ ಅನುಭವವೋ ಆದಾಗ, ‘ಈ ಜಾಗ ಹೀಗಿರಲಿ ಎಂದು ಯಾರು ನಿರ್ಧರಿಸಿದರು?’ ಎಂದು ಕೇಳಿಕೊಳ್ಳದೆ ಮುಂದೆ ಹೋದರೆ ಆ ಭಾವದ ಬೇರು ನಮಗೆ ಸಿಗುವುದಿಲ್ಲ. ಮುಂದಿನ ಉತ್ತರಗಳೆಲ್ಲವೂ ಈ ಮಾತಿನ ವಿಸ್ತರಣೆಗಳೇ ಆಗಿವೆ.

‘ನೇಟಿವ್ ಸನ್’ ಕಾದಂಬರಿಯ ಮೊದಲ ದೃಶ್ಯವನ್ನು ಏಕೆ ಇಷ್ಟೊಂದು ಚರ್ಚಿಸುತ್ತಾರೆ? ಒಂದು ಇಲಿಯನ್ನು ಕೊಲ್ಲುವುದರಲ್ಲಿ ಏನಿದೆ?

ಕಾದಂಬರಿ ತೆರೆಯುವುದು ಕತ್ತಲೆಯ ಕೋಣೆಯಲ್ಲಿ ಕಿರುಚುವ ಅಲಾರಾಂ ಗಡಿಯಾರದ ಸದ್ದಿನಿಂದ. ಶಿಕಾಗೊ ನಗರದ ದಕ್ಷಿಣ ಭಾಗದಲ್ಲಿ ಕಪ್ಪು ಜನರು ವಾಸಿಸುವ ಪಟ್ಟಿಯೊಳಗಿನ ಒಂದೇ ಕೋಣೆಯಲ್ಲಿ ಬಿಗರ್ ಥಾಮಸ್ ಎಂಬ ಇಪ್ಪತ್ತು ವರ್ಷದ ತರುಣ, ಅವನ ತಾಯಿ, ತಂಗಿ, ತಮ್ಮ ಬದುಕುತ್ತಿದ್ದಾರೆ. ಹೆಂಗಸರು ಬಟ್ಟೆ ಹಾಕಿಕೊಳ್ಳುವವರೆಗೆ ಗಂಡುಮಕ್ಕಳು ಮುಖ ತಿರುಗಿಸಿಕೊಂಡಿರಬೇಕು. ಅಷ್ಟರಲ್ಲಿ ದೊಡ್ಡದೊಂದು ಕಪ್ಪು ಇಲಿ ಕಾಣಿಸಿಕೊಳ್ಳುತ್ತದೆ. ತಪ್ಪಿಸಿಕೊಂಡು ಓಡಲು ದಾರಿಯಿಲ್ಲದೆ ಅದು ತಿರುಗಿ ಬಿಗರನ ಮೇಲೆರಗುತ್ತದೆ. ಅವನು ಕಬ್ಬಿಣದ ಬಾಣಲೆಯಿಂದ ಅದನ್ನು ಜಜ್ಜಿ ಕೊಲ್ಲುತ್ತಾನೆ. ಓದುಗರಿಗೆ ಅಸಹ್ಯವಾಗುತ್ತದೆ, ಗಾಬರಿಯಾಗುತ್ತದೆ, ನಾಚಿಕೆಯೂ ಆಗುತ್ತದೆ. ಮುಂದೆ ಬಿಗರನೇ ಬೇಟೆಯ ಪ್ರಾಣಿಯಾದಾಗ ಈ ಇಲಿ ನೆನಪಾಗದೆ ಇರುವುದಿಲ್ಲ. ಸಾಮಾನ್ಯವಾಗಿ ವಿಮರ್ಶಕರು ಈ ಸಾಂಕೇತಿಕತೆಯನ್ನು ತೋರಿಸಿ ನಿಲ್ಲಿಸುತ್ತಾರೆ.

ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಕೋಣೆಯ ಬಾಡಿಗೆ. ವಾರಕ್ಕೆ ಎಂಟು ಡಾಲರು. ಆ ಕಟ್ಟಡದ ಹಿಂದಿರುವ ಕಂಪನಿಯ ಒಡೆತನ ಡಾಲ್ಟನ್ ಎಂಬ ಬಿಳಿಯ ಶ್ರೀಮಂತನದು. ಅದೇ ದಿನ ಬಿಗರ್ ಕಾರು ಓಡಿಸುವ ಕೆಲಸಕ್ಕೆ ಸೇರುವುದೂ ಅವನ ಮನೆಯಲ್ಲಿಯೇ. ಡಾಲ್ಟನ್ ಕಪ್ಪು ಜನರ ಶಿಕ್ಷಣಕ್ಕೆ ದಾನ ಕೊಡುತ್ತಾನೆ, ಹುಡುಗರ ಕ್ಲಬ್ಬಿಗೆ ಪಿಂಗ್‌ಪಾಂಗ್ ಮೇಜುಗಳನ್ನು ಕಳುಹಿಸುತ್ತಾನೆ. ಆದರೆ ಕಪ್ಪು ಜನರಿಗೆ ಅವರ ಪಟ್ಟಿಯ ಹೊರಗೆ ಒಂದು ಕೋಣೆಯನ್ನೂ ಬಾಡಿಗೆಗೆ ಕೊಡುವುದಿಲ್ಲ. ಇದು ರೈಟ್ ಕಲ್ಪಿಸಿಕೊಂಡ ವೈಚಿತ್ರ್ಯವಲ್ಲ. ದಕ್ಷಿಣದ ರಾಜ್ಯಗಳಿಂದ ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪು ಜನರು ಬಂದ ಆ ದಶಕಗಳಲ್ಲಿ, ಬಿಳಿಯ ಮನೆಮಾಲೀಕರು ತಮ್ಮ ಆಸ್ತಿಯನ್ನು ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ ಎಂದು ಪರಸ್ಪರ ಕರಾರು ಮಾಡಿಕೊಳ್ಳುತ್ತಿದ್ದರು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1948ರಲ್ಲಿ, ಅಂದರೆ ಕಾದಂಬರಿ ಬಂದ ಎಂಟು ವರ್ಷಗಳ ನಂತರ. ಹೊರಗೆ ಹೋಗಲು ದಾರಿಯಿಲ್ಲದ ಬಾಡಿಗೆದಾರರಿಗೆ, ದೊಡ್ಡ ಮನೆಗಳನ್ನು ಕತ್ತರಿಸಿ ಒಂದೊಂದು ಕೋಣೆಯನ್ನಾಗಿ ಮಾಡಿ, ಒಂದು ಪುಟ್ಟ ಗ್ಯಾಸ್ ಒಲೆಯಿಟ್ಟು, ಹಲವು ಸಂಸಾರಗಳಿಗೆ ಒಂದೇ ಬಚ್ಚಲುಮನೆಯೆಂದು ಗೊತ್ತುಮಾಡಿ, ಹೆಚ್ಚಿನ ಬಾಡಿಗೆಗೆ ಕೊಡುವುದು ಲಾಭದ ವ್ಯವಹಾರವಾಗಿತ್ತು. ಮಿಸಿಸಿಪಿಯಲ್ಲಿ ಹುಟ್ಟಿ 1927ರಲ್ಲಿ ಶಿಕಾಗೊಗೆ ಬಂದ ರೈಟ್ ಈ ಕೋಣೆಗಳ ಉಸಿರನ್ನು ಬಲ್ಲವನಾಗಿದ್ದ.

ಹೀಗಾಗಿ ಆ ಮೊದಲ ದೃಶ್ಯದ ಇಕ್ಕಟ್ಟಿಗೆ ಒಬ್ಬ ಫಲಾನುಭವಿ ಇದ್ದಾನೆ. ಮುಂದೆ ಬಿಗರ್ ಕೊಲೆಯ ಆರೋಪಿಯಾಗಿ ನಿಂತ ವಿಚಾರಣೆಯ ಹೊತ್ತಿಗೆ ಅವನ ಪರ ವಕೀಲನು ಡಾಲ್ಟನ್ನನನ್ನು ನಿಲ್ಲಿಸಿ ಆ ಕೋಣೆಯ ಬಾಡಿಗೆಯ ವಿಷಯವನ್ನೇ ಕೇಳುತ್ತಾನೆ. ಮೊದಲ ಪುಟದಲ್ಲಿ ನಮಗೆ ಅಸಹ್ಯವಾಗಿ ಕಂಡಿದ್ದು ಆ ಹೊತ್ತಿಗೆ ಸಿಟ್ಟಾಗಿ ಮಾರ್ಪಡುತ್ತದೆ. ಇಲಿಯ ಮೇಲಿದ್ದ ನಮ್ಮ ಗಮನವನ್ನು ಮನೆಮಾಲೀಕನ ಲೆಕ್ಕದ ಪುಸ್ತಕಕ್ಕೆ ತಂದು ನಿಲ್ಲಿಸಿದ ಆ ಶಿಲ್ಪಕ್ಕೆ ನಾನು ತಲೆಬಾಗುತ್ತೇನೆ.

ಅದೇ ಕಾದಂಬರಿಯಲ್ಲಿ ಶ್ರೀಮಂತರ ಬಡಾವಣೆ ಶಾಂತವಾಗಿ, ಸುಂದರವಾಗಿ ಇದೆ. ಅಲ್ಲಿ ಭಯ ಎಲ್ಲಿಂದ ಬರುತ್ತದೆ?

ಆ ಶಾಂತಿಯಿಂದಲೇ. ಡ್ರೆಕ್ಸೆಲ್ ಬುಲೆವಾರ್ಡಿನಲ್ಲಿರುವ ಡಾಲ್ಟನ್ನನ ಮನೆಯ ಮುಂದೆ ನಿಂತ ಬಿಗರನಿಗೆ ಮುಂಬಾಗಿಲಿಗೆ ಹೋಗುವುದೋ ಹಿಂಬಾಗಿಲನ್ನು ಹುಡುಕುವುದೋ ತಿಳಿಯುವುದಿಲ್ಲ. ಹಿಂಬಾಗಿಲು ಹುಡುಕುತ್ತ ಸುತ್ತಾಡುವಾಗ ಪೊಲೀಸನೊಬ್ಬ ಕಂಡರೆ ತಾನು ಕಳ್ಳನೆಂದೇ ಹಿಡಿಯಲ್ಪಡುತ್ತೇನೆಂಬ ಅಳುಕು. ಒಳಗೆ ಮಂದವಾದ ಬೆಳಕು, ಮೆತ್ತನೆಯ ಕುರ್ಚಿ, ಎಲ್ಲಿಂದಲೋ ಬರುವ ಸಂಗೀತ. ಕುರ್ಚಿಯಲ್ಲಿ ಹೇಗೆ ಕೂರಬೇಕೆಂಬುದೂ ಅವನ ದೇಹಕ್ಕೆ ಗೊತ್ತಾಗುವುದಿಲ್ಲ. ಗದ್ದಲ, ಕೊಳಕು, ಕತ್ತಲೆಗಳಿಂದಲೇ ಭಯವನ್ನು ಹುಟ್ಟಿಸುವ ಲೇಖಕರಿದ್ದಾರೆ. ನಿಶ್ಶಬ್ದದಿಂದ ಹುಟ್ಟಿಸುವುದು ಕಷ್ಟದ ಕೆಲಸ.

ಹಿಮವನ್ನು ಕಂಡಿಲ್ಲದ ಕನ್ನಡದ ಓದುಗರಿಗೆ ಈ ಕಾದಂಬರಿಯ ಹಿಮದ ಭಾವ ಹೇಗೆ ದಕ್ಕುತ್ತದೆ?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ, ಕಷ್ಟದ ಪ್ರಶ್ನೆಯೂ ಹೌದು. ಕನ್ನಡದಲ್ಲಿ ‘ಹಿಮ’ ಎಂದೊಡನೆ ಹಿಮಾಲಯ, ಕೈಲಾಸ, ತಂಪು, ಪಾವಿತ್ರ್ಯಗಳು ನೆನಪಾಗುತ್ತವೆ. ‘ಮಂಜು’ ಎಂದರೆ ಕೊಡಗಿನ ಬೆಳಗು, ಮಲೆನಾಡಿನ ಪ್ರೇಮಗೀತೆ. ಈ ಎರಡು ಮಾತುಗಳೂ ನಮ್ಮ ಕಿವಿಯಲ್ಲಿ ಹಿತವಾಗಿಯೇ ಕೇಳಿಸುವುದರಿಂದ, ಬಿಗರನ ಪಾಲಿಗೆ ಹಿಮವು ಏನಾಗಿದೆಯೋ ಅದಕ್ಕೆ ತೀರ ವಿರುದ್ಧವಾದ ಭಾವವನ್ನು ನಾವು ಕಾದಂಬರಿಗೆ ಹೊತ್ತುಕೊಂಡು ಹೋಗುವ ಅಪಾಯವಿದೆ.

ಕುಡಿದು ಮೈಮರೆತಿದ್ದ ಡಾಲ್ಟನ್ನನ ಮಗಳು ಮೇರಿಯನ್ನು ಅವಳ ಮಲಗುವ ಕೋಣೆಗೆ ತಲುಪಿಸಿದ ಬಿಗರ್, ಕುರುಡಿಯಾದ ಅವಳ ತಾಯಿ ಬಾಗಿಲಲ್ಲಿ ಬಂದು ನಿಂತಾಗ, ತಾನು ಸಿಕ್ಕಿಬೀಳುತ್ತೇನೆಂಬ ಭಯದಲ್ಲಿ ಮೇರಿಯ ಮುಖಕ್ಕೆ ದಿಂಬನ್ನು ಒತ್ತಿ ಹಿಡಿಯುತ್ತಾನೆ, ಅವಳು ಸಾಯುತ್ತಾಳೆ. ಆ ತಾಯಿ ಅವನ ಕಣ್ಣಿಗೆ ಕತ್ತಲೆಯಲ್ಲಿ ತೇಲುವ ಒಂದು ಬಿಳಿಯ ಮಸುಕಾಗಿ ಮಾತ್ರ ಕಾಣುತ್ತಾಳೆ. ಹಿಮ ಬೀಳಲು ತೊಡಗುವುದು ಇದರ ನಂತರ. ಮೊದಲು ಕೆಲವು ಹಳುಕುಗಳು, ಆಮೇಲೆ ಬಿರುಗಾಳಿಯೊಡನೆ ಇಡೀ ನಗರವನ್ನು ಮುಚ್ಚುವಷ್ಟು. ಕೋಣೆಯಲ್ಲಿ ನಿಂತಿದ್ದ ಆ ಬಿಳುಪು ಈಗ ಬೀದಿಗಳಲ್ಲಿ, ಸೂರುಗಳ ಮೇಲೆ, ಕಣ್ಣು ಹಾಯುವಲ್ಲೆಲ್ಲ ಹರಡಿಕೊಂಡಿದೆ. ಓಡಿದರೆ ಹೆಜ್ಜೆ ಮೂಡುತ್ತದೆ. ಬಿಳಿಯ ಹಾಸಿನ ಮೇಲೆ ಕಪ್ಪು ದೇಹ ಎದ್ದು ಕಾಣುತ್ತದೆ. ಹಿಮದಿಂದಾಗಿ ಊರಿನಿಂದ ಹೊರಹೋಗುವ ದಾರಿಗಳೂ ಮುಚ್ಚುತ್ತವೆ. ನಮ್ಮ ಗಾದೆ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ಎಚ್ಚರಿಸುತ್ತದೆ. ಇಲ್ಲಿ ಬೆಳ್ಳಗಿರುವುದು ಬೇಟೆಗಾರನ ಪಕ್ಷಕ್ಕೆ ಸೇರಿದೆ.

ಇದರ ಜೊತೆಗೆ ರೈಟ್ ಒಂದು ನಕ್ಷೆಯನ್ನೂ ಇಡುತ್ತಾನೆ. ಬಿಗರ್ ಕದ್ದು ತಂದ ದಿನಪತ್ರಿಕೆಯಲ್ಲಿ ಕಪ್ಪು ಜನರ ಪ್ರದೇಶದ ಚಿತ್ರವಿದೆ; ಪೊಲೀಸರು ಶೋಧಿಸಿ ಮುಗಿಸಿದ ಭಾಗಕ್ಕೆ ಛಾಯೆ ತುಂಬಲಾಗಿದೆ, ಶೋಧಿಸಬೇಕಾಗಿರುವ ಭಾಗ ಬಿಳಿಯಾಗಿ ಉಳಿದಿದೆ. ತಾನಿರುವ ಜಾಗ ಕುಗ್ಗುತ್ತಿರುವುದನ್ನು ಅವನು ಕಾಗದದ ಮೇಲೆಯೇ ನೋಡುತ್ತಾನೆ. ಕೊನೆಗೆ ಒಂದು ಕಟ್ಟಡದ ಮಾಳಿಗೆಯಲ್ಲಿ, ನೀರಿನ ತೊಟ್ಟಿಯ ಮೇಲೆ ಮಲಗಿದ್ದ ಅವನನ್ನು ಬೆಂಕಿ ಆರಿಸುವ ಕೊಳವೆಯಿಂದ ಮಂಜುಗಡ್ಡೆಯಷ್ಟು ತಣ್ಣನೆಯ ನೀರು ಹಾಯಿಸಿ ಕೆಳಗಿಳಿಸುತ್ತಾರೆ.

ಹಿಮವನ್ನು ಮುಟ್ಟಿರದ ಓದುಗರೂ ಈ ಭಾವವನ್ನು ಪಡೆಯಬಹುದು. ಅದಕ್ಕೆ ಚಳಿಯ ಅನುಭವಕ್ಕಿಂತ ಮೂರು ದಿಕ್ಕು ಮುಚ್ಚಿದ ಅನುಭವ ಮುಖ್ಯ. ಕನ್ನಡಕ್ಕೆ ತರುವವರು ಮಾತ್ರ ‘ತುಷಾರ’, ‘ಇಬ್ಬನಿ’ಯಂಥ ಕಾವ್ಯಮಯ ಪದಗಳ ಕಡೆಗೆ ಹೋಗದೆ ‘ಹಿಮ’ ಎಂಬ ಒಂದೇ ಪದವನ್ನು ಪದೇ ಪದೇ, ಬಣ್ಣವನ್ನೂ ಜೊತೆಗಿಟ್ಟು ಬಳಸಬೇಕೆಂಬುದು ನನ್ನ ಸಲಹೆ. ಮೂಲದಲ್ಲಿ ಪುನರುಕ್ತಿಯೇ ಭಾವವನ್ನು ಕಟ್ಟುತ್ತದೆ.

ಪರಿಸರ ಸುಂದರವಾಗಿದ್ದರೆ ದಬ್ಬಾಳಿಕೆಯ ನೋವು ಮರೆಯಾಗುವುದಿಲ್ಲವೇ?

ಲೇಖಕರು ಸೌಂದರ್ಯವನ್ನು ಅಲಂಕಾರಕ್ಕೆಂದು ತಂದರೆ ಮರೆಯಾಗುತ್ತದೆ. ಅದನ್ನು ಗಾಯದೊಳಗೆ ತಂದಾಗ ನೋವು ಹೆಚ್ಚುತ್ತದೆ. ಟೋನಿ ಮಾರಿಸನ್ ಅವರ ‘ಬಿಲವೆಡ್’ (1987) ಕಾದಂಬರಿಯ ಸೆಥೆ, ಕೆಂಟಕಿಯ ಒಂದು ತೋಟದಲ್ಲಿ ಗುಲಾಮಳಾಗಿದ್ದವಳು. ಆ ತೋಟದ ಹೆಸರು ‘ಸ್ವೀಟ್ ಹೋಮ್’. ವರ್ಷಗಳ ನಂತರ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಬದುಕುತ್ತಿರುವಾಗ, ನಾಯಿಯೊಂದರ ಸುಳಿದಾಟದಂಥ ಸಣ್ಣ ಕಾರಣಕ್ಕೂ ಆ ತೋಟ ಅವಳ ಕಣ್ಣ ಮುಂದೆ ಹರಡಿಕೊಳ್ಳುತ್ತದೆ, ಅದೂ ತನ್ನ ಚೆಲುವಿನೊಡನೆ. ಅಲ್ಲಿನ ಸೊಗಸಾದ ಸೈಕಮೋರ್ ಮರಗಳಲ್ಲಿ ಹುಡುಗರನ್ನು ನೇಣುಹಾಕಿದ್ದರು. ಆದರೆ ಅವಳ ನೆನಪಿಗೆ ಬರುವುದು ಹುಡುಗರಿಗಿಂತ ಮೊದಲು ಮರಗಳು. ಅದಕ್ಕಾಗಿ ಅವಳು ತನ್ನ ನೆನಪನ್ನು ಕ್ಷಮಿಸಲಾರಳು. ಮರಗಳು ಕುರೂಪವಾಗಿದ್ದರೆ ಈ ಅಪರಾಧಭಾವಕ್ಕೆ ಎಡೆಯೇ ಇರುತ್ತಿರಲಿಲ್ಲ. ಗುಲಾಮಗಿರಿ ಅವಳ ಶ್ರಮವನ್ನು, ಎದೆಹಾಲನ್ನು ಕಿತ್ತುಕೊಂಡದ್ದಲ್ಲದೆ, ಒಂದು ಮರವನ್ನು ಮರವೆಂದು ನೋಡಿ ಸಂತೋಷಪಡುವ ಹಕ್ಕನ್ನೂ ಕಿತ್ತುಕೊಂಡಿದೆ. ಚಾಟಿಯೇಟಿನಿಂದ ಅವಳ ಬೆನ್ನಿನ ಮೇಲೆ ಮೂಡಿದ ಕಲೆಯನ್ನು ಕಂಡವರೊಬ್ಬರು ಅದನ್ನು ಹೂಬಿಟ್ಟ ಮರವೆಂದೇ ವರ್ಣಿಸುತ್ತಾರೆ. ಹೊರಗಿನ ಪರಿಸರ ಮೈಮೇಲೆ ಬರೆಯಲ್ಪಟ್ಟ ಇಂಥ ಇನ್ನೊಂದು ಸಂದರ್ಭವನ್ನು ಹುಡುಕುವುದು ಕಷ್ಟ.

ದಕ್ಷಿಣ ಆಫ್ರಿಕದ ಅಲನ್ ಪೇಟನ್ನನ ‘ಕ್ರೈ, ದಿ ಬಿಲವೆಡ್ ಕಂಟ್ರಿ’ ಸೌಂದರ್ಯವನ್ನು ಇನ್ನೊಂದು ಬಗೆಯಲ್ಲಿ ಬಳಸುತ್ತದೆ. ನೇಟಾಲ್ ಪ್ರಾಂತ್ಯದ ಇಕ್ಸೋಪೊದಿಂದ ಗುಡ್ಡಗಳಿಗೆ ಏರುವ ದಾರಿಯ ವರ್ಣನೆಯಿಂದ ಕಾದಂಬರಿ ಮೊದಲಾಗುತ್ತದೆ: ದಟ್ಟ ಹುಲ್ಲು, ಮಳೆಯನ್ನು ಹಿಡಿದಿಟ್ಟುಕೊಳ್ಳುವ ಮಣ್ಣು, ಹಕ್ಕಿಯ ದನಿ. ಓದುಗರ ಮನಸ್ಸು ಹಗುರಾಗುತ್ತಿರುವಂತೆಯೇ ವರ್ಣನೆ ಕಣಿವೆಗೆ ಇಳಿಯುತ್ತದೆ. ಅಲ್ಲಿ ಹುಲ್ಲಿಲ್ಲ, ಕೆಂಪು ಗುಡ್ಡಗಳ ಮಣ್ಣು ಚರ್ಮ ಸುಲಿದಂತೆ ಕಿತ್ತುಹೋಗಿದೆ, ಹಳ್ಳಿಗಳಲ್ಲಿ ಮುದುಕರು, ತಾಯಂದಿರು, ಮಕ್ಕಳು ಮಾತ್ರ ಉಳಿದಿದ್ದಾರೆ. ಎರಡನೆಯ ಭಾಗದ ಆರಂಭದಲ್ಲಿ ಅದೇ ದಾರಿಯ ವರ್ಣನೆ ಮತ್ತೆ ಬರುತ್ತದೆ. ಆಗ ಅದು ನಮ್ಮನ್ನು ಬಿಳಿಯ ಜಮೀನುದಾರ ಜಾರ್ವಿಸನ ಸಮೃದ್ಧ ಹೊಲಗಳ ನಡುವೆ ನಿಲ್ಲಿಸುತ್ತದೆ. ದಾರಿ ಒಂದೇ, ತಲುಪುವ ಬದುಕು ಬೇರೆ.

ಈ ಮಣ್ಣಿನ ಸವೆತ ದೈವಕೋಪದಿಂದ ಆದದ್ದಲ್ಲ. 1913ರ ಭೂಕಾಯಿದೆಯು ದೇಶದ ಬಹುಸಂಖ್ಯಾತರಾದ ಆಫ್ರಿಕನ್ನರಿಗೆ ಮೀಸಲಿಟ್ಟ ಭೂಮಿ ಒಟ್ಟು ನೆಲದ ಸುಮಾರು 7 ಪ್ರತಿಶತ. 1936ರ ಕಾಯಿದೆ ಅದನ್ನು ಸುಮಾರು 13 ಪ್ರತಿಶತಕ್ಕೆ ಏರಿಸಿತು. ಅಷ್ಟು ಕಿರಿದಾದ ನೆಲದಲ್ಲಿ ಅಷ್ಟೊಂದು ಜನ, ಅಷ್ಟೊಂದು ದನಕರು ಬದುಕಬೇಕಾದಾಗ ಮಣ್ಣು ಸವೆಯುತ್ತದೆ, ಗಂಡಸರು ಗಣಿಗಳಿಗೆ ಹೋಗುತ್ತಾರೆ. ಪುಸ್ತಕ ಪ್ರಕಟವಾದ 1948ರಲ್ಲಿಯೇ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದವನ್ನು ಆಡಳಿತ ನೀತಿಯಾಗಿಸಿತು. ಪೇಟನ್ನನ ವಿಷಯದಲ್ಲಿ ನನಗೆ ಒಂದು ಅಸಮಾಧಾನವಿದೆ: ಅವನ ಗದ್ಯದ ಪ್ರಾರ್ಥನೆಯಂಥ ಲಯವು ಸಿಟ್ಟಾಗಬೇಕಾದ ಕಡೆಯೂ ಓದುಗರನ್ನು ಮರುಗಿಸಿ ಸಮಾಧಾನಪಡಿಸಿಬಿಡುತ್ತದೆ. ಆದರೆ ಆ ಎರಡು ದಾರಿಗಳ ಜೋಡಣೆಯನ್ನು ಮರೆಯಲು ನನ್ನಿಂದ ಆಗಿಲ್ಲ.

‘ಬಿಲವೆಡ್’ ಕಾದಂಬರಿಯಲ್ಲಿ ಮನೆಯೇ ಒಂದು ಪಾತ್ರ ಎನ್ನುತ್ತಾರೆ. ಇದರ ಅರ್ಥವೇನು?

ಬ್ಲೂಸ್ಟೋನ್ ರಸ್ತೆಯ 124ನೆಯ ಮನೆ ಆ ಕಾದಂಬರಿಯ ಮೊದಲ ವಾಕ್ಯದ ಕರ್ತೃಪದ. ಮೂರು ಭಾಗಗಳೂ ಮನೆಯ ಮನಃಸ್ಥಿತಿಯನ್ನು ಹೇಳುವ ವಾಕ್ಯದಿಂದಲೇ ತೊಡಗುತ್ತವೆ: ಮೊದಲು ಹಗೆ, ಆಮೇಲೆ ಗದ್ದಲ, ಕೊನೆಗೆ ಮೌನ. ಗುಲಾಮಗಿರಿಗೆ ಮರಳದಿರಲೆಂದು ತಾಯಿಯೇ ಕೊಂದ ಮಗುವಿನ ಪ್ರೇತ ಆ ಮನೆಯನ್ನು ಹಿಡಿದಿದೆ. 1, 2, 4 ಎಂಬ ಅಂಕಿಗಳಲ್ಲಿ ಇಲ್ಲದಿರುವುದು 3; ಸೆಥೆಯ ನಾಲ್ವರು ಮಕ್ಕಳಲ್ಲಿ ಸತ್ತದ್ದು ಮೂರನೆಯದು.

ಪ್ರೇತದ ಮನೆ ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಈ ಮನೆಗೆ ಪ್ರೇತಕ್ಕಿಂತ ಮೊದಲು ಹೊಕ್ಕದ್ದು ಕಾನೂನು. ಒಹಾಯೊ ನದಿಯ ದಕ್ಷಿಣ ದಡ ಗುಲಾಮಗಿರಿಯ ಕೆಂಟಕಿ, ಉತ್ತರ ದಡ ಸ್ವತಂತ್ರ ರಾಜ್ಯ. ಆದರೂ 1850ರ ಕಾಯಿದೆಯ ಪ್ರಕಾರ ನದಿ ದಾಟಿ ಬಂದವರನ್ನೂ ಒಡೆಯರು ಹಿಡಿದೊಯ್ಯಬಹುದಿತ್ತು. ಮಾರಿಸನ್ ಅವರಿಗೆ ಪ್ರೇರಣೆಯಾದ ಮಾರ್ಗರೆಟ್ ಗಾರ್ನರ್ 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ ಅದೇ ನದಿಯ ಮೇಲೆ ನಡೆದು ಬಂದು ಸಿಕ್ಕಿಬಿದ್ದು, ತನ್ನ ಮಗಳನ್ನು ಕೊಂದ ಹೆಂಗಸು. ಕಾದಂಬರಿಯಲ್ಲಿ ಒಡೆಯನ ಕಡೆಯವರು 124ರ ಅಂಗಳಕ್ಕೇ ಬಂದು ನಿಲ್ಲುತ್ತಾರೆ. ತನ್ನ ಅಂಗಳವೇ ತನ್ನದಲ್ಲವೆಂದು ತಿಳಿದ ಮೇಲೆ, ಸೆಥೆಯ ಅತ್ತೆ ಬೇಬಿ ಸಗ್ಸ್ ಹಾಸಿಗೆ ಹಿಡಿದು, ಬಣ್ಣಗಳನ್ನು ನೋಡಬೇಕೆಂದು ಕೇಳುತ್ತಾಳೆ. ಆ ಮಂಕು ಮನೆಯಲ್ಲಿ ಇರುವುದು ಕೌದಿಯೊಂದರ ಎರಡು ಕಿತ್ತಳೆ ಬಣ್ಣದ ತುಂಡುಗಳಷ್ಟೇ. ಅಷ್ಟೊಂದು ಮಾತುಗಳಿಂದ ಹೇಳಲಾಗದ ಬಳಲಿಕೆಯನ್ನು ಆ ಎರಡು ತುಂಡುಗಳು ಹೇಳುತ್ತವೆ.

ಕತ್ತಲೆಯನ್ನು ದಬ್ಬಾಳಿಕೆಯ ಸಂಕೇತವೆಂದೂ ಬೆಳಕನ್ನು ಬಿಡುಗಡೆಯ ಸಂಕೇತವೆಂದೂ ಓದಬಹುದೇ?

ಎಚ್ಚರದಿಂದ ಓದಬೇಕು. ಕಪ್ಪೆಂದರೆ ಕೆಡುಕು, ಬಿಳುಪೆಂದರೆ ಒಳಿತು ಎಂಬ ಸಮೀಕರಣವನ್ನೇ ಈ ಲೇಖಕರು ಪ್ರಶ್ನಿಸುತ್ತಿದ್ದಾರೆ. ರಾಲ್ಫ್ ಎಲಿಸನ್‌ನ ‘ಇನ್‌ವಿಸಿಬಲ್ ಮ್ಯಾನ್’ (1952) ಕಾದಂಬರಿಯ ನಿರೂಪಕ, ಬಿಳಿಯರಿಗೆ ಮಾತ್ರ ಬಾಡಿಗೆಗೆ ಕೊಡುವ ಕಟ್ಟಡದ ಮರೆತುಹೋದ ನೆಲಮಾಳಿಗೆಯಲ್ಲಿ ಕದ್ದ ವಿದ್ಯುತ್ತಿನಿಂದ 1,369 ಬಲ್ಬುಗಳನ್ನು ಉರಿಸಿಕೊಂಡು ಕುಳಿತಿದ್ದಾನೆ. ಆ ಬೆಳಕಿನಲ್ಲಿ ಬಿಡುಗಡೆಯಿಲ್ಲ. ತನ್ನನ್ನು ಯಾರೂ ನೋಡದ ಲೋಕದಲ್ಲಿ ತಾನಾದರೂ ತನ್ನನ್ನು ನೋಡಿಕೊಳ್ಳಬೇಕೆಂಬ ಹಟವಿದೆ.

‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಮೇಕೂಮ್ ಊರು ಬಹಳ ಆಪ್ತವೆನಿಸುತ್ತದೆ. ಅದು ತಪ್ಪೇ?

ತಪ್ಪಲ್ಲ, ಆದರೆ ಯಾರ ಆಪ್ತತೆ ಎಂದು ಗಮನಿಸಬೇಕು. ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ಈ ಕಾದಂಬರಿ 1930ರ ದಶಕದ ಅಲಬಾಮಾವನ್ನು ಬಿಳಿಯ ಬಾಲಕಿಯೊಬ್ಬಳ ಕಣ್ಣಿನಿಂದ ತೋರಿಸುತ್ತದೆ. ಬಿಸಿಲು, ನಿಧಾನದ ನಡಿಗೆ, ಜಗುಲಿಯ ಮಾತುಕತೆ, ಬೇಸಿಗೆಯ ರಜೆಗಳು ಸೇರಿ ತೂಕಡಿಕೆಯಂಥ ಹಿತವಾದ ಭಾವವನ್ನು ಕಟ್ಟುತ್ತವೆ. ನ್ಯಾಯಾಲಯದ ದೃಶ್ಯದಲ್ಲಿ ಮಕ್ಕಳು ಕಪ್ಪು ಜನರಿಗೆಂದು ಮೀಸಲಾದ ಮೇಲಂತಸ್ತಿನಲ್ಲಿ ಕುಳಿತು ವಿಚಾರಣೆಯನ್ನು ನೋಡುತ್ತಾರೆ. ಕ್ಷಣಕಾಲ ನೋಟದ ಜಾಗ ಬದಲಾಗುವುದರಿಂದ ಆ ಅಧ್ಯಾಯಗಳಿಗೆ ಬಲ ಬಂದಿದೆ. ಆದರೂ ಊರಿನ ಕಪ್ಪು ಜನರ ವಸತಿ ಇರುವುದು ತಿಪ್ಪೆಯ ಆಚೆ; ಅಲ್ಲಿಗೆ ನಾವು ಹೋಗುವುದು ಅಪರೂಪ, ಹೋದಾಗಲೂ ಅತಿಥಿಗಳಾಗಿ. ಸುಳ್ಳು ಆರೋಪಕ್ಕೆ ಗುರಿಯಾದ ಟಾಮ್ ರಾಬಿನ್ಸನ್‌ಗೆ ಆ ಬಿಸಿಲು ಹೇಗಿತ್ತು ಎಂಬುದು ಪುಸ್ತಕದಲ್ಲಿ ಇಲ್ಲ.

ಒಂದು ವಿವರವನ್ನು ಮಾತ್ರ ಲೀ ಅವರ ಪರವಾಗಿ ಹೇಳಲೇಬೇಕು. ಆರೋಪ ಹೊರಿಸಿದ ಮೇಯೆಲ್ಲಾಳ ಮನೆ ತಿಪ್ಪೆಯ ಪಕ್ಕದಲ್ಲಿದೆ, ಅಂಗಳವೆಲ್ಲ ಕಸ. ಅದರ ಒಂದು ಮೂಲೆಯಲ್ಲಿ ಒಡಕು ಪಾತ್ರೆಗಳಲ್ಲಿ ಅವಳು ಜತನದಿಂದ ಬೆಳೆಸಿದ ಕೆಂಪು ಜಿರೇನಿಯಂ ಹೂಗಳಿವೆ. ಬಡತನ ಮತ್ತು ಬಿಳಿಯ ಚರ್ಮದ ಅಧಿಕಾರ ಎರಡೂ ಒಂದೇ ಅಂಗಳದಲ್ಲಿ ಇರಬಲ್ಲವೆಂಬುದನ್ನು ಆ ಹೂಗಳು ಹೇಳುತ್ತವೆ.

ಪರಿಸರವೇ ಎಲ್ಲವನ್ನೂ ನಿರ್ಧರಿಸಿದರೆ ಪಾತ್ರಗಳು ಬರೀ ಬಲಿಪಶುಗಳಾಗುವುದಿಲ್ಲವೇ?

ಈ ಆಕ್ಷೇಪವನ್ನು ‘ನೇಟಿವ್ ಸನ್’ ಕುರಿತು ಮೊದಲೇ ಎತ್ತಿದವರಲ್ಲಿ ಪ್ರಮುಖನಾದವನು ಅಮೆರಿಕದ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್. 1949 ಮತ್ತು 1951ರಲ್ಲಿ ಪ್ರಕಟವಾದ ಎರಡು ಪ್ರಬಂಧಗಳಲ್ಲಿ ಅವನು, ಬಿಗರನ ಸುತ್ತ ಕಪ್ಪು ಜನರ ಪರಸ್ಪರ ಸಂಬಂಧ, ಪರಂಪರೆ, ಹಂಚಿಕೊಂಡ ಬದುಕು ಯಾವುದೂ ಇಲ್ಲವೆಂಬುದನ್ನು ಎತ್ತಿ ತೋರಿಸಿದ. ಬಾಲ್ಡ್‌ವಿನ್ನನ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಗೋಡೆಗಳನ್ನು ಮಾತ್ರ ವರ್ಣಿಸಿ ಗೋಡೆಯೊಳಗಿನ ನಗು, ಅಡುಗೆಯ ವಾಸನೆ, ಹಾಡುಗಳನ್ನು ಬಿಟ್ಟರೆ, ಗೋಡೆ ಕಟ್ಟಿದವರ ನೋಟವನ್ನೇ ಲೇಖಕ ಒಪ್ಪಿಕೊಂಡಂತಾಗುತ್ತದೆ.

ಮಾರಿಸನ್ ಈ ಕೊರತೆಯನ್ನು ಪರಿಸರದ ಮೂಲಕವೇ ತುಂಬುತ್ತಾರೆ. ‘ಬಿಲವೆಡ್’ನಲ್ಲಿ ಕಾಡಿನ ನಡುವೆ ಒಂದು ಬಯಲಿದೆ, ಅಲ್ಲಿ ಬೇಬಿ ಸಗ್ಸ್ ತನ್ನ ಜನರನ್ನು ಸೇರಿಸಿ ನಗಿಸುತ್ತಾಳೆ, ಅಳಿಸುತ್ತಾಳೆ, ಕುಣಿಸುತ್ತಾಳೆ, ಬೇರೆಯವರು ಪ್ರೀತಿಸದ ನಿಮ್ಮ ಮೈಯನ್ನು ನೀವೇ ಪ್ರೀತಿಸಿಕೊಳ್ಳಿ ಎನ್ನುತ್ತಾಳೆ. ಯಾರ ನಕ್ಷೆಯಲ್ಲಿಯೂ ಇಲ್ಲದ ಜಾಗ ಅದು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಹುಟ್ಟಿದ ಅಲೆಕ್ಸ್ ಲಾ ಗೂಮಾ 1962ರ ‘ಎ ವಾಕ್ ಇನ್ ದಿ ನೈಟ್’ ಕಿರುಕಾದಂಬರಿಯಲ್ಲಿ ಅದೇ ಬಡಾವಣೆಯ ಒಂದು ರಾತ್ರಿಯನ್ನು ಬರೆದ. ಕೊಳೆಯುವ ಮೆಟ್ಟಿಲುಗಳನ್ನೂ ಪೊಲೀಸರ ಕ್ರೌರ್ಯವನ್ನೂ ಅವನು ಮುಚ್ಚಿಡುವುದಿಲ್ಲ. ಜೊತೆಗೆ ಹೋಟೆಲಿನ ಮೇಜುಗಳ ಸುತ್ತಲಿನ ಮಾತಿನ ಬಿಸಿಯೂ ಇದೆ. 1966ರಲ್ಲಿ ಸರ್ಕಾರ ಆ ಬಡಾವಣೆಯನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. ಸುಮಾರು 60,000 ಜನರನ್ನು ಹೊರಹಾಕಿ ಮನೆಗಳನ್ನು ಕೆಡವಲಾಯಿತು. ಇಂದು ಆ ಪುಟಗಳನ್ನು ಓದುವವರಿಗೆ ಆ ದುರ್ವಾಸನೆಯ ಮೆಟ್ಟಿಲೂ ಕಳೆದುಹೋದ ಮನೆಯ ಮೆಟ್ಟಿಲಾಗಿ ಕಾಣುತ್ತದೆ. ಬರೆದ ಕಾಲದಲ್ಲಿ ಇಲ್ಲದಿದ್ದ ಒಂದು ಭಾವವನ್ನು ಇತಿಹಾಸವೇ ತಂದು ಸೇರಿಸಿದೆ.

ಕನ್ನಡದಲ್ಲಿ ಜಾತಿಯ ದಬ್ಬಾಳಿಕೆಯನ್ನು ಕುರಿತ ಕೃತಿಗಳನ್ನೂ ಇದೇ ರೀತಿ ಓದಬಹುದೇ?

ಜನಾಂಗವೂ ಜಾತಿಯೂ ಒಂದೇ ಅಲ್ಲ. ಆದರೆ ಎರಡೂ ಜಾಗವನ್ನು ಹಂಚುವ ಮೂಲಕ ಕೆಲಸ ಮಾಡುತ್ತವೆ. ಈ ಸಾಮ್ಯವನ್ನು ಅಂಬೇಡ್ಕರ್ ಬಲ್ಲವರಾಗಿದ್ದರು. 1946ರಲ್ಲಿ ಅವರು ಅಮೆರಿಕದ ಕಪ್ಪು ಚಿಂತಕ ಡು ಬೊಯಿಸ್ ಅವರಿಗೆ ಪತ್ರ ಬರೆದಿದ್ದರು. ‘ಊರಿದ್ದಲ್ಲಿ ಹೊಲಗೇರಿ’ ಎಂಬ ನಮ್ಮ ಗಾದೆಯನ್ನೇ ನೋಡಿ. ಮನುಷ್ಯರು ಎಳೆದ ಗೆರೆಯನ್ನು ಅದು ಮಳೆ ಬಿಸಿಲುಗಳಷ್ಟು ಸಹಜವೆಂಬಂತೆ ಹೇಳಿಬಿಡುತ್ತದೆ. ಆ ಸಹಜತೆಯನ್ನು ಒಡೆಯುವುದೇ ಒಳ್ಳೆಯ ಕಥನದ ಕೆಲಸ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಬೇಸಾಯಗಾರನಾಗಬೇಕೆಂಬ ಆಸೆಯಿಂದ ಚೋಮ ಜೋಡಿ ಎತ್ತುಗಳನ್ನು ಸಾಕಿಕೊಂಡಿದ್ದಾನೆ, ಅವುಗಳನ್ನು ಕಟ್ಟಿ ಉಳಲು ಅವನ ಜಾತಿಗೆ ನೆಲವಿಲ್ಲ. ರಾತ್ರಿಯಲ್ಲಿ ಅವನ ಗುಡಿಸಲಿನಿಂದ ಹೊರಡುವ ದುಡಿಯ ಸದ್ದು, ಅವನಿಗೆ ಕಾಲಿಡಲು ಅವಕಾಶವಿಲ್ಲದ ಜಾಗಗಳನ್ನೆಲ್ಲ ತಲುಪುತ್ತದೆ.

ಉತ್ತರ ಕನ್ನಡದ ಸಿದ್ದಿ ಸಮುದಾಯದ ಬಗ್ಗೆ ಕಥೆ ಬರೆಯಬೇಕೆಂದಿದ್ದೇನೆ. ಪರಿಸರವನ್ನು ಹೇಗೆ ಬಳಸಬೇಕು?

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳ ಸಿದ್ದಿಯರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರು. ಅಲ್ಲಿಂದ ತಪ್ಪಿಸಿಕೊಂಡವರಿಗೆ ಸಹ್ಯಾದ್ರಿಯ ಕಾಡು ಆಶ್ರಯವಾಯಿತು. ಆದ್ದರಿಂದ ಮೊದಲ ಎಚ್ಚರವೆಂದರೆ, ಪ್ರವಾಸಿಗನ ಕಣ್ಣಿನಿಂದ ಆ ಕಾಡನ್ನು ನಿಗೂಢವೆಂದೋ ಭೀಕರವೆಂದೋ ವರ್ಣಿಸದಿರುವುದು. ಅಡಗಲು ಬಂದವರ ವಂಶದವರಿಗೆ ಕಾಡು ಭದ್ರತೆಯ ಭಾವವನ್ನು ಕೊಡಬಹುದು. ಅದೇ ವ್ಯಕ್ತಿಗೆ ಪೇಟೆಯ ಬಸ್ ನಿಲ್ದಾಣದಲ್ಲಿ, ‘ನೀನು ಯಾವ ದೇಶದವನು?’ ಎಂದು ಕನ್ನಡದಲ್ಲಿಯೇ ಕೇಳಿಸಿಕೊಂಡ ಕ್ಷಣದಲ್ಲಿ ಮೈಯೆಲ್ಲ ಬಿಗಿಯಬಹುದು. ಹುಟ್ಟಿದ ನೆಲದಲ್ಲಿ ಪರಕೀಯನಾಗುವ ಆ ಬಿಗುವಿಗೆ ಬಸ್ ನಿಲ್ದಾಣದ ಬೆಂಚು, ಟಿಕೆಟ್ ಕೊಡುವವನ ನೋಟ, ಪಕ್ಕದ ಸೀಟು ಖಾಲಿಯೇ ಉಳಿಯುವುದು ಸಾಕು.

ಎರಡನೆಯದಾಗಿ, ಡಮಾಮಿ ವಾದ್ಯವನ್ನೂ ಕುಣಿತವನ್ನೂ ಬಣ್ಣಕ್ಕಾಗಿ ತರಬೇಡಿ. ಅವು ವೇದಿಕೆಯ ಪ್ರದರ್ಶನವಾಗುವ ಮೊದಲು ಅಂಗಳದ ಸಂಗತಿಗಳು. ಹಳೆಯ ಬಟ್ಟೆಗಳ ತುಂಡುಗಳನ್ನು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಬಗ್ಗೆ ಬರೆಯುವುದಾದರೆ, ಆ ಬಟ್ಟೆಗಳು ಯಾರು ಉಟ್ಟವು, ಅದನ್ನು ಯಾರು ಹೊದ್ದು ಮಲಗುತ್ತಾರೆ ಎಂಬುದನ್ನು ಕೇಳಿ ತಿಳಿದು ಬರೆಯಿರಿ. ಭೂಮಿಯ ದಾಖಲೆ, ಅರಣ್ಯ ಇಲಾಖೆಯ ಗಡಿಕಲ್ಲು, 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ದೊರೆತ ಪರಿಶಿಷ್ಟ ಪಂಗಡದ ಮಾನ್ಯತೆ, ಶಾಲೆಗಿರುವ ದೂರ ಇವೆಲ್ಲವೂ ನಿಮ್ಮ ಕಥೆಯ ಪರಿಸರದ ಭಾಗಗಳೇ. ಬರೆಯುವ ಮೊದಲು ಒಂದು ಮಳೆಗಾಲವನ್ನಾದರೂ ಅಲ್ಲಿ ಕಳೆಯಿರಿ, ಬರೆದದ್ದನ್ನು ಅಲ್ಲಿನವರ ಮುಂದೆ ಗಟ್ಟಿಯಾಗಿ ಓದಿ, ಅವರು ಸುಮ್ಮನಾದ ಸಾಲುಗಳಿಗೆ ಗುರುತು ಹಾಕಿಕೊಳ್ಳಿ.